ಜೀಡಿಮೆಟ್ಲಾದಲ್ಲಿ ಬಿದ್ದ ಹಿಮ

ಭೂಗೋಳ ಕಲಿಸುವವರಿಗೆ ಹೈದರಾಬಾದಿನಲ್ಲಿ ಬೆಲೆ ಇಲ್ಲ. ಗಣಿತದವರಿಗೆ ಟ್ಯೂಷನ್ ಉಂಟು, ಇಂಗ್ಲಿಷಿನವರಿಗೆ ಮರ್ಯಾದೆ ಉಂಟು, ನಮಗೆ ಗೋಡೆಯ ಮೇಲೆ ಒಂದು ಹರಿದ ಭೂಪಟ ಉಂಟು. ಹಿಮಾಯತ್‌ನಗರದ ಖಾಸಗಿ ಜೂನಿಯರ್ ಕಾಲೇಜೊಂದರಲ್ಲಿ ನಾನು ವರ್ಷಾನುಗಟ್ಟಲೆ ಆ ಭೂಪಟದ ಮುಂದೆ ನಿಂತು ಪಾಠ ಮಾಡಿದ್ದೇನೆ. ಕೆಳಗೆ ಬಟ್ಟೆ ಅಂಗಡಿಗಳು, ಮೇಲಿನ ಮಹಡಿಯಲ್ಲಿ ನಾವು. ಕಿಟಕಿ ತೆರೆದರೆ ಹಾರ್ನು, ಮುಚ್ಚಿದರೆ ಸೆಕೆ. ಅದರ ನಡುವೆಯೇ ನದಿಗಳನ್ನು ಹರಿಸಿದ್ದೇನೆ, ಮಾರುತಗಳನ್ನು ಬೀಸಿಸಿದ್ದೇನೆ. ಗೊಣಗಿಕೊಂಡೇ ಮಾಡಿದ್ದೇನೆ, ಆದರೆ ಮನಸ್ಸಿಟ್ಟು ಮಾಡಿದ್ದೇನೆ.

ಒಂದು ಮಾರ್ಚಿನಲ್ಲಿ ಪ್ರಿನ್ಸಿಪಾಲರು ನನ್ನನ್ನು ಕರೆದರು. ಅವರು ತೆಲುಗಿನವರು, ಮೃದು ಮಾತಿನವರು. ಕೆಟ್ಟ ಸುದ್ದಿ ಹೇಳುವಾಗಲಂತೂ ಇನ್ನಷ್ಟು ಮೃದುವಾಗುತ್ತಾರೆ. "ಮೇಡಂ, ಏಮನುಕೋಕಂಡಿ," ಎಂದು ಶುರು ಮಾಡಿದರು. ತಪ್ಪು ತಿಳಿಯಬೇಡಿ ಎಂದು ಅದರ ಅರ್ಥ. ಆ ಮಾತಿನ ಹಿಂದೆ ಒಳ್ಳೆಯದು ಎಂದೂ ಬಂದದ್ದಿಲ್ಲ. ಇಂಟರ್‌ನ ಅಂದರೆ ಪಿಯುಸಿಯ ಆರ್ಟ್ಸ್ ಗ್ರೂಪಿನಲ್ಲಿ ಭೂಗೋಳ ತೆಗೆದುಕೊಳ್ಳುವ ಮಕ್ಕಳೇ ಇಲ್ಲ, ಬರುವ ವರ್ಷದಿಂದ ಆ ವಿಷಯ ನಿಲ್ಲಿಸಬೇಕು ಎಂದು ಆಡಳಿತ ಮಂಡಳಿ ಹೇಳುತ್ತಿದೆ ಎಂದರು. ನನ್ನನ್ನು ಕೆಲಸದಿಂದ ತೆಗೆಯುವುದಿಲ್ಲವಂತೆ. ಅಡ್ಮಿಷನ್ ಕೌಂಟರಿನಲ್ಲಿ ಕೂರಿಸುತ್ತಾರಂತೆ.

ಅಡ್ಮಿಷನ್ ಕೌಂಟರ್ ಎಂದರೆ ಏನೆಂದು ನನಗೆ ಗೊತ್ತು. ಹತ್ತನೆಯ ತರಗತಿ ಪಾಸಾದ ಮಕ್ಕಳ ಮನೆಗಳಿಗೆ ಬೆಳಗಿನಿಂದ ಫೋನು ಮಾಡಿ, "ನಮಸ್ತೇ ಸರ್, ನಮ್ಮ ಕಾಲೇಜಿನಲ್ಲಿ ಎಸಿ ಕ್ಲಾಸ್‌ರೂಮು ಇದೆ," ಎಂದು ಹೇಳುವ ಕೆಲಸ. ನನಗೆ ಸಿಟ್ಟು ಬಂತು. ಪಾಠ ಮಾಡುವವಳ ಬಾಯಿಯಿಂದ ಪಾಠ ಕಿತ್ತುಕೊಂಡು ಎಸಿ ಮಾರಿಸುತ್ತೀರಾ ಎಂದು ಕೇಳಿಯೇ ಬಿಡುತ್ತಿದ್ದೆ. ಕೇಳಲಿಲ್ಲ. "ಒಂದು ಅವಕಾಶ ಕೊಡಿ ಸರ್," ಎಂದೆ.

ಪ್ರತಿ ಮೇ ತಿಂಗಳಲ್ಲಿ ನಮ್ಮ ಕಾಲೇಜು ಒಂದು ದಿನ ತಂದೆ ತಾಯಿಯರನ್ನೂ ಮಕ್ಕಳನ್ನೂ ಕರೆದು ಎಲ್ಲ ತೋರಿಸುತ್ತದೆ. ಭೌತಶಾಸ್ತ್ರದವರು ಬಲ್ಬು ಹತ್ತಿಸುತ್ತಾರೆ, ರಸಾಯನದವರು ನೀರಿನ ಬಣ್ಣ ಬದಲಿಸುತ್ತಾರೆ. ಈ ಸಲ ಭೂಗೋಳಕ್ಕೂ ಅರ್ಧ ಗಂಟೆ ಕೊಡಿ, ಕಂಪ್ಯೂಟರ್ ಲ್ಯಾಬು ಕೊಡಿ, ಆಮೇಲೂ ಯಾರೂ ಈ ವಿಷಯ ಕೇಳದಿದ್ದರೆ ನಾನೇ ಹೋಗಿ ಕೌಂಟರಿನಲ್ಲಿ ಕೂರುತ್ತೇನೆ ಎಂದೆ. ಅವರು ಒಪ್ಪಿದರು. ಹೊರಗೆ ಬಂದ ಮೇಲೆ ನನಗೆ ಹೊಳೆದದ್ದು, ಅಲ್ಲಿ ತೋರಿಸಲು ನನ್ನ ಬಳಿ ಏನೂ ಇಲ್ಲ ಎಂದು.

ದಾರಿ ಹೇಳಿದವರು ಲ್ಯಾಬಿನ ಕಂಪ್ಯೂಟರ್ ಸರ್. ಪಾತಬಸ್ತಿಯವರು, ಅಂದರೆ ಹಳೇ ಊರಿನ ಕಡೆಯವರು, ಯಾವ ಯಂತ್ರ ಕೆಟ್ಟರೂ "ನಕ್ಕೋ ಘಬ್ರಾವ್", ಗಾಬರಿಯಾಗಬೇಡಿ, ಎನ್ನುವವರು. ಉಪಗ್ರಹಗಳು ತೆಗೆದ ಚಿತ್ರಗಳನ್ನೆಲ್ಲ ಒಂದೇ ಕಡೆ ಇಟ್ಟಿರುವ ಜಾಗವೊಂದು ಇಂಟರ್ನೆಟ್ಟಿನಲ್ಲಿದೆ, ಕಲಿಸುವವರಿಗೆ ಪುಕ್ಕಟೆ, ನಾಲ್ಕು ಸಾಲು ಕೋಡ್ ಬರೆದರೆ ಜಗತ್ತಿನ ಯಾವ ಮೂಲೆಯ ಚಿತ್ರವನ್ನಾದರೂ ತಂದುಕೊಡುತ್ತದೆ ಎಂದರು. ನಾನು ಅದುವರೆಗೆ ಒಂದು ಸಾಲು ಕೋಡನ್ನೂ ಬರೆದವಳಲ್ಲ. ಪರದೆಯಲ್ಲಿ ಮೂರು ಭಾಗ: ನಡುವೆ ಕೋಡ್ ಬರೆಯುವ ಜಾಗ, ಕೆಳಗೆ ಭೂಪಟ, ಬಲಗಡೆ ಕನ್ಸೋಲ್ ಎಂಬ ಒಂದು ಖಾಲಿ ಪಟ್ಟಿ. ಆ ಖಾಲಿ ಪಟ್ಟಿ ಯಾಕೆ ಎಂದು ಕೇಳಿದೆ.

"ಜೋ ಸಮಝ್ ಮೆ ನೈ ಆಯಾ, ಉಸ್ಕೋ ಪ್ರಿಂಟ್ ಕರೋ ಮೇಡಂ," ಎಂದರು. ಅರ್ಥವಾಗದ್ದನ್ನೆಲ್ಲ ಪ್ರಿಂಟ್ ಮಾಡಿ ನೋಡಿ, ಅದು ಅಲ್ಲಿ ಬಂದು ಕೂರುತ್ತದೆ.

ನನ್ನ ಬುದ್ಧಿಗೆ ಅದು ಇಳಿದದ್ದು ಹೀಗೆ. ನಾನು ಕೋಡಿನಲ್ಲಿ "ಚಿತ್ರ" ಎಂದು ಬರೆದರೆ ಆ ಚಿತ್ರ ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದಿಲ್ಲ. ಅದು ಎಲ್ಲೋ ದೂರದ ಯಂತ್ರಗಳಲ್ಲಿ ಇರುತ್ತದೆ; ನನ್ನ ಕೈಯಲ್ಲಿರುವುದು ಬರೀ ಹೆಸರು. ಅದರೊಳಗೆ ಏನಿದೆ ಎಂದು ತಿಳಿಯಬೇಕಾದರೆ ಪ್ರಿಂಟ್ ಎನ್ನಬೇಕು. ಆಗ ಕನ್ಸೋಲಿನಲ್ಲಿ ಒಂದು ಸಾಲು ಬರುತ್ತದೆ, ಅದರ ಪಕ್ಕದಲ್ಲಿ ಒಂದು ಪುಟ್ಟ ತ್ರಿಕೋನ. ತ್ರಿಕೋನ ಒತ್ತಿದರೆ ಸಾಲು ಬಿಚ್ಚಿಕೊಳ್ಳುತ್ತದೆ. ಒಳಗೆ ಇನ್ನಷ್ಟು ತ್ರಿಕೋನಗಳು. ಒತ್ತುತ್ತ ಹೋದರೆ ಚಿತ್ರ ತೆಗೆದ ದಿನ, ಆಕಾಶದಲ್ಲಿದ್ದ ಮೋಡ, ಆ ಹೊತ್ತಿಗೆ ಸೂರ್ಯ ನೆತ್ತಿಯಿಂದ ಎಷ್ಟು ಕೆಳಗಿದ್ದ ಎಂಬ ಕೋನ, ಎಲ್ಲವೂ ಬರುತ್ತವೆ.

ಆ ಕೋನವನ್ನು ಮೊದಲ ಸಲ ನೋಡಿದಾಗ ನಾನು ಅಂಕಿಯನ್ನು ಎರಡೆರಡು ಸಲ ಓದಿದೆ. ಸೂರ್ಯನ ಕೋನವನ್ನು ನಾನು ಎಷ್ಟೋ ವರ್ಷ ಬಳಪದಿಂದ ಬರೆದಿದ್ದೇನೆ: ಒಂದು ಗೋಲ, ಓರೆಯಾದ ಗೆರೆಗಳು, ಪರೀಕ್ಷೆಗೆ ಇದು ಬರುತ್ತದೆ ಬರೆದುಕೊಳ್ಳಿ. ಅದು ನಮ್ಮ ಊರಿನ ಮೇಲೆ ಒಂದು ನಿಜವಾದ ಬೆಳಿಗ್ಗೆ ಬಿದ್ದ ನಿಜವಾದ ಬಿಸಿಲಿನ ಕೋನವಾಗಿ ಬಂದು ಎದುರಿಗೆ ನಿಂತಿತ್ತು. ನನಗೆ ಆದ ಸಂತೋಷವನ್ನು ಹೇಳಿಕೊಳ್ಳಲು ಮನೆಯಲ್ಲಿದ್ದದ್ದು ಅವ್ವ ಒಬ್ಬಳೇ.

ನಮ್ಮದು ವಿಜಯಪುರ ಕಡೆಯ ಮನೆತನ. ಅಜ್ಜ ಸರ್ಕಾರಿ ನೌಕರಿಗೆಂದು ಇಲ್ಲಿಗೆ ಬಂದವನು, ಆಮೇಲೆ ಯಾರೂ ಹಿಂದಕ್ಕೆ ಹೋಗಲಿಲ್ಲ. ಹೊರಗೆ ತೆಲುಗು, ಹಿಂದಿ. ಹೊಸ್ತಿಲು ದಾಟಿ ಒಳಗೆ ಬಂದರೆ ಅವ್ವನ ಕನ್ನಡ. ಅವಳು ಊಟದ ಮೇಜಿನ ಆ ಕಡೆ ತೊಗರಿಬೇಳೆ ಆರಿಸುತ್ತಿದ್ದಳು.

"ಮುಂಜಾನಿಂದ ಅದರಾಗ ಏನ್ ನೋಡಾಕತ್ತೀ?" ಎಂದಳು.

ಹೇಳಿದೆ. ತ್ರಿಕೋನ ಒತ್ತಿಯೂ ತೋರಿಸಿದೆ. ಅವ್ವ ಕನ್ನಡಕ ಏರಿಸಿಕೊಂಡು ನೋಡಿದಳು.

"ಇದರಾಗ ಹೊಸಾದೇನೈತಿ? ಬಿಚ್ಚಿ ತೋರಸ್ರಿ ಅಂದಂಗಾತು," ಎಂದಳು.

ಅವ್ವನ ಜೊತೆ ಅಬಿಡ್ಸ್‌ಗೆ ಸೀರೆ ತರಲು ಹೋದವರಿಗೆ ಮಾತ್ರ ಈ ಮಾತಿನ ತೂಕ ಗೊತ್ತಾಗುತ್ತದೆ. ಮಡಿಕೆಯಲ್ಲಿದ್ದ ಸೀರೆಯನ್ನು ಅವಳು ಸೀರೆ ಎಂದೇ ಒಪ್ಪುವುದಿಲ್ಲ. ಅಂಗಡಿಯವನು ಸೆರಗು ಬಿಚ್ಚಬೇಕು, ಒಡಲು ಬಿಚ್ಚಬೇಕು, ಅಂಚನ್ನು ಎರಡೂ ಕಡೆ ತೋರಿಸಬೇಕು. ಆಮೇಲೆ ಬಾಗಿಲ ಬೆಳಕಿಗೆ ಒಯ್ದು ನೋಡಬೇಕು. "ಬಹುತ್ ಅಚ್ಛಾ ಮಾಲ್ ಹೈ ಅಮ್ಮಾ," ಎಂದು ಅವನು ಎಷ್ಟು ಹೇಳಿದರೂ ಇವಳದು ಒಂದೇ ಮಾತು, ಬಿಚ್ಚಿ ತೋರಿಸಿ. ಚಿಕ್ಕವಳಿದ್ದಾಗ ನನಗೆ ನಾಚಿಕೆಯಾಗಿ ಹೊರಗೆ ಹೋಗಿ ನಿಲ್ಲುತ್ತಿದ್ದೆ. ಆದರೆ ಹರಕು ಸೀರೆ ಎಂದೂ ನಮ್ಮ ಮನೆಗೆ ಬಂದದ್ದಿಲ್ಲ, ಅದನ್ನೂ ಹೇಳಬೇಕು.

ಏಪ್ರಿಲ್ ಪೂರ್ತಿ ಕಲಿತೆ. ತಪ್ಪುಗಳಿಗೆ ಲೆಕ್ಕವಿಲ್ಲ. ಒಮ್ಮೆ ತಾರೀಖು ಹೇಳದೆ, ಜಾಗ ಹೇಳದೆ, ಇದ್ದಬದ್ದ ಚಿತ್ರಗಳನ್ನೆಲ್ಲ ಒಟ್ಟಿಗೆ ಪ್ರಿಂಟ್ ಮಾಡು ಎಂದುಬಿಟ್ಟೆ. ಕನ್ಸೋಲು ಕೆಂಪಗಾಗಿ, ಇಷ್ಟೊಂದನ್ನು ತೋರಿಸಲು ಆಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಬೈಯಿತು. ಭೂಮಿ ಪೂರ್ತಿ ಕೇಳಿದ್ದೆ, ಬೈಯದೆ ಏನು ಮಾಡೀತು? ಪ್ರಿನ್ಸಿಪಾಲರು ಒಂದು ದಿನ ಲ್ಯಾಬಿಗೆ ಇಣುಕಿ, ನಾನು ಪ್ರಿಂಟ್ ಪ್ರಿಂಟ್ ಎಂದು ಗೊಣಗುವುದನ್ನು ಕೇಳಿ, "ಕಾಗದ ಎಷ್ಟು ಬೇಕಾಗುತ್ತೆ ಮೇಡಂ?" ಎಂದು ಗಾಬರಿಯಿಂದ ಕೇಳಿದರು. ಒಂದು ಹಾಳೆಯೂ ಬೇಡ ಸರ್ ಎಂದಾಗ ಅವರ ಮುಖ ಅರಳಿತು.

ಕೊನೆಗೆ ನನ್ನ ಕಾರ್ಯಕ್ರಮ ಹೀಗೆ ಎಂದು ನಿಶ್ಚಯವಾಯಿತು. ಬಂದವರಲ್ಲಿ ಒಬ್ಬರನ್ನು ಅವರ ಮನೆ ಎಲ್ಲಿ ಎಂದು ಕೇಳುವುದು, ಅಲ್ಲಿ ಒಂದು ಚುಕ್ಕೆ ಇಡುವುದು, ಹೋದ ವರ್ಷದ ಮೇ ತಿಂಗಳಲ್ಲಿ ಮೋಡ ಎಲ್ಲಕ್ಕಿಂತ ಕಡಿಮೆ ಇದ್ದ ಚಿತ್ರ ತಂದು ತೋರಿಸುವುದು. ತಮ್ಮ ಮನೆಯ ಮೇಲಿಂದ ಉಪಗ್ರಹ ಹಾದುಹೋಗುತ್ತದೆ ಎಂದು ಕಂಡ ಮೇಲೆ ಯಾವ ಮಗು ತಾನೇ ಭೂಗೋಳ ಬೇಡ ಎಂದೀತು? ಹಿಂದಿನ ದಿನ ಕೋಡನ್ನು ಚೊಕ್ಕ ಮಾಡಿದೆ. ಪ್ರಿಂಟ್ ಸಾಲುಗಳನ್ನೆಲ್ಲ ಅಳಿಸಿ ಹಾಕಿದೆ. ನೆಂಟರು ಬರುತ್ತಾರೆಂದರೆ ಮುದ್ದೆಯಾದ ಬಟ್ಟೆಯನ್ನೆಲ್ಲ ಒಳಕೋಣೆಗೆ ತಳ್ಳುತ್ತೇವಲ್ಲ, ಹಾಗೆ. ಕನ್ಸೋಲು ಖಾಲಿ ಉಳಿದು ನೋಡಲು ಬಹಳ ಲಕ್ಷಣವಾಗಿತ್ತು.

ಆ ದಿನ ಬಂತು. ಲ್ಯಾಬು ತುಂಬಿತ್ತು, ಅದರಲ್ಲಿ ಅರ್ಧ ಜನ ಬಂದದ್ದು ಅಲ್ಲಿನ ಎಸಿಗಾಗಿ ಎಂದು ನನಗೆ ಗೊತ್ತು. ಪ್ರಿನ್ಸಿಪಾಲರು ಬಾಗಿಲ ಬಳಿ ಕೈ ಕಟ್ಟಿ ನಿಂತಿದ್ದರು. ಯಾರ ಮನೆ ನೋಡೋಣ ಎಂದು ಕೇಳಿದೆ. ಮುಂದಿನ ಸಾಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಕೈ ಎತ್ತಿದಳು. ಪಕ್ಕದಲ್ಲಿ ಅವಳ ಅಪ್ಪ. ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯೊಂದರಲ್ಲಿ ಕೆಲಸ, ಮನೆಯೂ ಅದರ ಹತ್ತಿರವೇ ಎಂದು ತೆಲುಗಿನಲ್ಲಿ ಹೇಳಿದರು. ನಾನು ಭೂಪಟದಲ್ಲಿ ಹುಡುಕಲು ಹೊರಡುವಷ್ಟರಲ್ಲಿ ಅವರು ಫೋನು ತೆಗೆದು, ಮನೆಯ ಮೇಲೆ ಬೆರಳಿಟ್ಟು, ಬಂದ ಎರಡು ಅಂಕಿಗಳನ್ನು ಓದಿದರು. ಹದಿನೇಳೂವರೆ ಚಿಲ್ಲರೆ, ಎಪ್ಪತ್ತೆಂಟು ಚಿಲ್ಲರೆ.

ನನಗೋ ಉಬ್ಬು. "ಮಕ್ಕಳೇ, ಹದಿನೇಳು ಅಕ್ಷಾಂಶ, ಎಪ್ಪತ್ತೆಂಟು ರೇಖಾಂಶ, ಇದೇ ನಮ್ಮ ಹೈದರಾಬಾದು," ಎಂದು ಅಂಕಿಗಳನ್ನು ಅದೇ ಕ್ರಮದಲ್ಲಿ ಟೈಪ್ ಮಾಡಿದೆ. ಅದುವರೆಗೆ ಅಭ್ಯಾಸ ಮಾಡುವಾಗೆಲ್ಲ ಭೂಪಟದ ಮೇಲೆ ಮೌಸ್ ಒತ್ತಿಯೇ ಚುಕ್ಕೆ ಇಟ್ಟಿದ್ದೆ. ಕೈಯಿಂದ ಅಂಕಿ ಹಾಕಿದ್ದು ಅದೇ ಮೊದಲು. ರನ್ ಒತ್ತಿದೆ.

ಪರದೆ ಬೆಳ್ಳಗಾಯಿತು. ಮೂಲೆಯಿಂದ ಮೂಲೆಗೆ ಬಿಳಿ. ಒಂದು ರಸ್ತೆಯಿಲ್ಲ, ಒಂದು ಛಾವಣಿಯಿಲ್ಲ.

"ಮೋಡ ಮೋಡ," ಎಂದು ಹಿಂದಿನಿಂದ ಯಾರೋ ನಕ್ಕರು. ಕಂಪ್ಯೂಟರ್ ಸರ್ ಓಡಿಬಂದು, ನೆಟ್ ಸ್ಲೋ ಇದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಪಾಪ, ನನ್ನನ್ನು ಉಳಿಸಲು ಹೇಳಿದ್ದು. ಆದರೆ ಕುಣಿಯಲಾರದವಳು ನೆಲ ಡೊಂಕು ಎಂದ ಹಾಗಾಯಿತು. ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡರು. ಕೌಂಟರಿನ ಫೋನು ಕಣ್ಣೆದುರು ಬಂತು. ಲ್ಯಾಪ್‌ಟಾಪು ಮುಚ್ಚಿ, ಕ್ಷಮಿಸಿ ಎಂದು ಹೇಳಿ ಹೊರಗೆ ಹೋಗಿಬಿಡೋಣ ಎನ್ನಿಸಿತು.

ಹೋಗಲಿಲ್ಲ. ಯಾಕೆ ಎಂದು ಈಗ ಕೇಳಿದರೂ ಹೇಳಲಾರೆ. ನನ್ನ ಹಟ ಎಂದೇ ಇಟ್ಟುಕೊಳ್ಳಿ. "ಸರ್, ನೆಟ್ ಸರಿಯಾಗಿದೆ. ತಪ್ಪಿರುವುದು ನನ್ನ ಕಡೆ. ಏನು ಎಂದು ನೋಡೋಣ," ಎಂದೆ. ಎಲ್ಲರ ಎದುರಿಗೆ, ಅಳಿಸಿದ್ದ ಸಾಲನ್ನು ಮತ್ತೆ ಬರೆದೆ. ಪ್ರಿಂಟ್. ಖಾಲಿ ಇದ್ದ ಪಟ್ಟಿಯಲ್ಲಿ ಒಂದು ಸಾಲು ಬಂತು. ತ್ರಿಕೋನ ಒತ್ತಿದೆ.

"ಮೊದಲು ಮೋಡ ನೋಡೋಣ," ಎಂದು ಜೋರಾಗಿ ಓದಿದೆ. ಇತ್ತು, ಹೆಸರಿಗೆ ಮಾತ್ರ. "ಹಾಗಾದರೆ ಈ ಬಿಳಿ ಮೋಡದ್ದಲ್ಲ." ನಕ್ಕವರು ಕತ್ತು ಮುಂದೆ ಚಾಚಿದರು. ಇನ್ನೊಂದು ತ್ರಿಕೋನ ಬಿಚ್ಚಿ ಸೂರ್ಯನ ಕೋನ ಹುಡುಕಿದೆ. ಮೇ ತಿಂಗಳ ಹೈದರಾಬಾದಿನಲ್ಲಿ ಉಪಗ್ರಹ ಹಾದುಹೋಗುವ ಹೊತ್ತಿಗೆ ಸೂರ್ಯ ಹೆಚ್ಚೂಕಡಿಮೆ ನೆತ್ತಿಗೆ ಬಂದಿರುತ್ತಾನೆ, ನೆತ್ತಿಯಿಂದ ಇಪ್ಪತ್ತು ಡಿಗ್ರಿಯ ಆಸುಪಾಸು. ಇಲ್ಲಿ ಅರವತ್ತರ ಹತ್ತಿರ ಇತ್ತು.

ಇದು ನನಗೆ ಗೊತ್ತಿರುವ ಪಾಠ. ಕೋಡು ನನ್ನದಲ್ಲದೆ ಇರಬಹುದು, ಸೂರ್ಯ ನನ್ನವನು.

"ಹೇಳಿ ಮಕ್ಕಳೇ," ಎಂದು ಅವರ ಕಡೆ ತಿರುಗಿದೆ. "ಸುಡು ಮೇ ತಿಂಗಳಲ್ಲೂ ಸೂರ್ಯ ಇಷ್ಟು ಕೆಳಗೇ ಇದ್ದಾನೆ, ನೆಲವೆಲ್ಲ ಬಿಳಿ. ಭೂಮಿಯ ಮೇಲೆ ಅಂಥ ಜಾಗ ಎಲ್ಲಿದೆ?"

"ನಾರ್ತ್ ಪೋಲ್ ಪಕ್ಕ," ಎಂದಳು ಜಡೆಯ ಹುಡುಗಿ.

ಅವಳು ಹೇಳಿ ಮುಗಿಸುವಷ್ಟರಲ್ಲಿ ನನಗೆ ತಪ್ಪು ತಿಳಿದುಹೋಗಿತ್ತು. ಭೂಗೋಳದವರು ಮೊದಲು ಅಕ್ಷಾಂಶ ಹೇಳುತ್ತೇವೆ, ಆಮೇಲೆ ರೇಖಾಂಶ. ನಾವು ಕಲಿತದ್ದೂ ಹಾಗೆ, ಕಲಿಸಿದ್ದೂ ಹಾಗೆ. ಫೋನು ಹೇಳುವುದೂ ಹಾಗೆಯೇ. ಈ ಕೋಡು ಮಾತ್ರ ಮೊದಲು ರೇಖಾಂಶ ಕೇಳುತ್ತದೆ. ನನ್ನ ಹದಿನೇಳನ್ನು ಅದು ಪೂರ್ವಕ್ಕೆ ಹಾಕಿಕೊಂಡಿತು, ಎಪ್ಪತ್ತೆಂಟನ್ನು ಉತ್ತರಕ್ಕೆ ಏರಿಸಿತು. ಭೂಗೋಳದ ಬಗ್ಗೆ ಏನೂ ಗೊತ್ತಿಲ್ಲದವಳಾಗಿದ್ದರೆ ಬಹುಶಃ ಒಮ್ಮೆ ಯಾರನ್ನಾದರೂ ಕೇಳಿ ಹಾಕುತ್ತಿದ್ದೆ. ಭೂಗೋಳ ಗೊತ್ತಿದ್ದದ್ದೇ ಮುಳುವಾಯಿತು.

ಭೂಪಟವನ್ನು ಹಿಂದಕ್ಕೆ ಸರಿಸುತ್ತ ಹೋದೆ. ಬಿಳಿಯ ಸುತ್ತ ನೀಲಿ ಕಡಲು ಕಂಡಿತು, ಕೆಳಗೆ ಬಹಳ ದೂರದಲ್ಲಿ ನಾರ್ವೆ. ಉತ್ತರದ ಸಮುದ್ರದ ನಡುವೆ ಹಿಮ ಹೊದ್ದ ಕೆಲವು ದ್ವೀಪಗಳು. ಜೀಡಿಮೆಟ್ಲಾದ ಅಂಕಿಗಳನ್ನು ತಿರುವಿ ಹಾಕಿದರೆ ಸರಿಯಾಗಿ ಅಲ್ಲಿಗೆ ಹೋಗಿ ಬೀಳುತ್ತವೆ, ನೀರಿಗೂ ಅಲ್ಲ, ನೆಲಕ್ಕೆ. ನಾನು ಹಾಗೆಂದಾಗ ಲ್ಯಾಬಿನಲ್ಲಿ ಗದ್ದಲವೆದ್ದಿತು. ಹುಡುಗರು ಎದ್ದು ಮುಂದೆ ಬಂದರು. ಒಬ್ಬ ತಾಯಿ, ಅಲ್ಲಿ ಜನ ಇದ್ದಾರಾ ಎಂದು ಕೇಳಿದರು. ಇನ್ನೊಬ್ಬರು, ಅಲ್ಲಿ ಎಸಿ ಬೇಡ ಎಂದರು. ಅಂಕಿಗಳನ್ನು ಅದಲುಬದಲು ಮಾಡಿ ಮತ್ತೆ ರನ್ ಒತ್ತಿದೆ. ಕಾರ್ಖಾನೆಗಳ ಉದ್ದುದ್ದ ಛಾವಣಿಗಳು, ಬೇಸಿಗೆಯ ಕೆಂಪು ನೆಲ, ಒಂದು ಕೆರೆಯ ಹಸಿರು ಮುಖ ಪರದೆಯ ಮೇಲೆ ಬಂದು ಕೂತವು. ಹುಡುಗಿಯ ಅಪ್ಪ ಎದ್ದು ನಿಂತು, ಒಂದು ಛಾವಣಿಯನ್ನು ಬೆರಳಿನಿಂದ ತೋರಿಸಿ ಮಗಳ ಕಿವಿಯಲ್ಲಿ ಏನೋ ಹೇಳಿದರು.

ಅರ್ಧ ಗಂಟೆ ಮುಗಿಯಿತು. ಪ್ರಿನ್ಸಿಪಾಲರು ಆಗಲೇ ರಸಾಯನದವರ ಕಡೆ ಹೊರಟಿದ್ದರು. ಚೆನ್ನಾಗಿ ಆಯಿತೋ ಕೆಟ್ಟಿತೋ ನನಗೆ ತಿಳಿಯಲಿಲ್ಲ. ಮನೆಗೆ ಹೋಗಿ ಎರಡು ಲೋಟ ಮಜ್ಜಿಗೆ ಕುಡಿದು ಮಲಗಿದೆ.

ಪ್ರವೇಶಗಳು ಶುರುವಾದ ವಾರ ನನ್ನನ್ನು ಕೌಂಟರಿನಲ್ಲಿಯೇ ಕೂರಿಸಿದರು. ಸದ್ಯಕ್ಕೆ ಎಂದರು, ಸದ್ಯಕ್ಕೆ ಎಂಬ ಮಾತಿಗೆ ನಮ್ಮ ಕಾಲೇಜಿನಲ್ಲಿ ಕೊನೆಯಿಲ್ಲ. ಮೊದಲ ದಿನ ಬಂದವರೆಲ್ಲ ಗಣಿತ, ಜೀವಶಾಸ್ತ್ರ, ಕಾಮರ್ಸ್. ಎರಡನೆಯ ದಿನವೂ ಅಷ್ಟೇ. ಕೌಂಟರಿನ ಕಂಪ್ಯೂಟರಿನಲ್ಲಿ ವಿಷಯಗಳ ಸಾಲಿನಿಂದ ಭೂಗೋಳವನ್ನು ಆಗಲೇ ತೆಗೆದಿದ್ದರು. ಅದನ್ನು ಕಂಡಾಗ ನನಗೆ ಕೋಪ ಬರಲಿಲ್ಲ, ದುಃಖವಾಯಿತು. ಅವ್ವನ ಫೋನು ಬಂತು. ಊಟ ಮಾಡಿದೆಯಾ ಎಂದು ಕೇಳಿದಳು. "ಇಲ್ಲವ್ವಾ, ಉಣ್ಣೂ ಮನಸಿಲ್ಲ. ಯಾರೂ ಕೇಳ್ಲಿಲ್ಲ," ಎಂದೆ.

ಫೋನು ಇಟ್ಟು ತಲೆ ಎತ್ತಿದರೆ ಎದುರಿಗೆ ಜೀಡಿಮೆಟ್ಲಾದ ಆ ಅಪ್ಪ, ಪಕ್ಕದಲ್ಲಿ ಮಗಳು.

"ಅಯ್ಯ, ನೀವು ನಮ್ಮ ಕಡೀವ್ರೇನ್ರಿ ಮೇಡಂ?" ಎಂದರು. "ಅವತ್ತ ತೆಲುಗಿನ್ಯಾಗ ಮಾತಾಡಿದ್ನಲ್ಲರಿ. ನಮ್ದು ಬಾಗಲಕೋಟಿ."

ಅಚ್ಚರಿಗೆ ನನಗೆ ನಗು ಬಂತು. ಕೂಡ್ರಿ ಎಂದೆ. ಮಗಳಿಗೆ ಯಾವ ಗ್ರೂಪು ಎಂದು ಕೇಳಿದೆ. ಕಾಮರ್ಸ್ ಎನ್ನುತ್ತಾರೆ ಎಂದು ಕೀಲಿಮಣೆಯ ಮೇಲೆ ಕೈ ಇಟ್ಟುಕೊಂಡೇ ಇದ್ದೆ.

"ಕಾಮರ್ಸ್ ಅಂತನ ಇತ್ರಿ," ಎಂದರು ಅವರು. "ಆದ್ರ ಅವತ್ತ ನೀವು ಮಾಡಿದ್ದು ನೋಡಿದ ಮ್ಯಾಲ ಮನಸ್ ಬದಲಾತು. ನಮ್ಮ ಕಾರ್ಖಾನ್ಯಾಗ ಗುಳಗಿ ಬ್ಯಾಚು ಕೆಟ್ರ ಮುಚ್ಚಿಡಾಕ ಬರಂಗಿಲ್ರಿ. ಎಲ್ಲಾರ ಮುಂದ ಬಿಚ್ಚಿ, ಎಲ್ಲಿ ತಪ್ಪೈತಿ ಅಂತ ನೋಡಬೇಕು. ಮುಚ್ಚಿಟ್ರ ಯಾರೋ ಒಬ್ರ ಜೀವಕ್ಕ ಕುತ್ತು. ನೀವೂ ಹಂಗ ಮಾಡಿದ್ರಿ. ಸರ್ ನೆಟ್ ಸ್ಲೋ ಐತಿ ಅಂದ್ರು, ನೀವು ಹೂಂ ಅನ್ಲಿಲ್ಲ. ನನ್ನ ಮಗಳಿಗೆ ಇದನ್ನ ಕಲಸ್ರಿ."

ಆ ಅರ್ಧ ಗಂಟೆಯಲ್ಲಿ ಯಾವ ಗಳಿಗೆಗೆ ನನ್ನ ಮಾನ ಹೋಯಿತೆಂದು ಕೊರಗುತ್ತಿದ್ದೆನೋ, ಅವರು ಹಿಡಿದುಕೊಂಡು ಬಂದದ್ದು ಅದನ್ನೇ. ಕಣ್ಣೀರು ಕಾಣಬಾರದೆಂದು ಪರದೆಯ ಕಡೆ ತಿರುಗಿದೆ. ಅಲ್ಲಿ ಭೂಗೋಳ ಇರಲಿಲ್ಲ. ಎದ್ದು ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ಹೋದೆ.

"ಸರ್, ಒಂದು ಮಗು ಭೂಗೋಳ ಬೇಕು ಎಂದು ನಿಂತಿದೆ. ಸಾಲಿನಲ್ಲಿ ಆ ವಿಷಯವೇ ಇಲ್ಲ."

ಅವರು ಕುಳಿತಲ್ಲಿಂದಲೇ ಗಾಜಿನಾಚೆ ನೋಡಿದರು. ಹುಡುಗಿ ಕೌಂಟರಿನ ಅಂಚು ಹಿಡಿದು ನಮ್ಮ ಕಡೆಯೇ ನೋಡುತ್ತಿದ್ದಳು. "ಒಬ್ಬಳೇನಾ?" ಎಂದರು.

"ಈಗ ಒಬ್ಬಳು," ಎಂದೆ.

ಅವರು ಇನ್ನೊಮ್ಮೆ ಗಾಜಿನಾಚೆ ನೋಡಿದರು. ಆಮೇಲೆ ಕಂಪ್ಯೂಟರ್ ಸರ್‌ಗೆ ಫೋನು ಮಾಡಿ, ತೆಗೆದದ್ದನ್ನು ಮತ್ತೆ ಸೇರಿಸಲು ಹೇಳಿದರು. ಜೂನ್ ಮುಗಿಯುವವರೆಗೆ ನೋಡೋಣ ಎಂದರು. ನೋಡುವುದೇನು, ಆ ಹುಡುಗಿಯೇ ತನ್ನ ಗಲ್ಲಿಯ ಮೂವರನ್ನು ಕರೆತಂದಳು. ಹಿಮ ತೋರಿಸಿದ ಮೇಡಂ ಯಾರು ಎಂದು ಕೇಳಿಕೊಂಡು ಇನ್ನೂ ಕೆಲವರು ಬಂದರು. ತರಗತಿ ತುಂಬಲಿಲ್ಲ, ಆದರೆ ನಡೆಯಿತು.

ಜೂನ್ ಕೊನೆಯಲ್ಲಿ ಪ್ರಿನ್ಸಿಪಾಲರು ತಾವೇ ಕೌಂಟರಿಗೆ ಬಂದರು. "ಮೇಡಂ, ಇಲ್ಲಿ ಬೇರೆಯವರನ್ನು ಕೂರಿಸುತ್ತೇನೆ. ಮಕ್ಕಳು ಮೇಲೆ ಕಾಯ್ತಿದ್ದಾರೆ, ಪಾಠಕ್ಕೆ ಹೋಗಿ," ಎಂದರು. ಕೌಂಟರಿನ ಫೋನು ರಿಂಗಾಗುತ್ತಲೇ ಇತ್ತು. ನಾನು ಎತ್ತಲಿಲ್ಲ, ಮೆಟ್ಟಿಲು ಹತ್ತಿ ತರಗತಿಗೆ ಹೋದೆ.